ಬಾಂಬು ಇಲ್ಲೇ ಬೀಳಲಿ ಎಂದವರು

ನಾವು ಊರು ಬಿಟ್ಟು ವಲಸೆ ಬಂದು ನೆಲೆಸಿದ್ದ ಮೌಂಟ್ ರಾಸ್ಕಿಲ್ ಬಡಾವಣೆಯ ಮನೆಗಳಿಗೆ ಇನ್ನೂ ಹಿತ್ತಲು ಉಳಿದಿದ್ದ ಕಾಲ ಅದು. ಶಾಲೆ ಬಿಟ್ಟು ಬಂದರೆ ನಮ್ಮ ಬಾಡಿಗೆ ಮನೆಯಿಂದ ಅಮ್ಮನ ಒಗ್ಗರಣೆಯ ವಾಸನೆ, ಪಕ್ಕದ ಮನೆಯಿಂದ ಈವಾ ಆಂಟಿಯ ಗಸಗಸೆ ಕೇಕಿನ ಘಮ, ಎರಡೂ ಒಟ್ಟಿಗೇ ಮೂಗಿಗೆ ಅಡರುತ್ತಿದ್ದವು. ಈವಾ ಆಂಟಿ ಹಂಗೇರಿಯ ಯಹೂದಿ. ಬೀದಿಯ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದರು. ನಮ್ಮ ಕ್ರಿಕೆಟ್ ಚೆಂಡು ಅವರ ಟೊಮೆಟೊ ಪಾತಿಗೆ ಬಿದ್ದರೂ ಬೈದವರಲ್ಲ. ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರು ಎಂಬುದಷ್ಟೇ ನಮಗೆ ಗೊತ್ತಿತ್ತು.

ಆ ವರ್ಷ ಶಾಲೆಯಲ್ಲಿ ಚರ್ಚಾಸ್ಪರ್ಧೆ ಇಟ್ಟರು. ನಾಜಿಗಳು ಯಹೂದಿಗಳನ್ನು ರೈಲಿನಲ್ಲಿ ತುಂಬಿ ಒಯ್ದು ಕೊಲ್ಲುತ್ತಿದ್ದಾಗ, ಆ ಹಳಿಗಳ ಮೇಲೆ, ಕೊಲ್ಲುವ ಶಿಬಿರದ ಮೇಲೆ ಬಾಂಬು ಹಾಕಿ ಎಂದು ಹಲವರು ಲಂಡನ್, ವಾಷಿಂಗ್ಟನ್‌ಗಳಿಗೆ ಮೊರೆಯಿಟ್ಟಿದ್ದರಂತೆ. ಆಗುವುದಿಲ್ಲ ಎಂಬ ಉತ್ತರ ಬಂತಂತೆ. ಆ ಉತ್ತರ ಸರಿ ಎಂದು ವಾದಿಸುವುದು ನನ್ನ ತಂಡದ ಪಾಲಿಗೆ ಬಂತು.

ಈಸ್ಟ್ ತಮಾಕಿಯ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪ ಹುಮ್ಮಸ್ಸಿನಿಂದ ಹೇಳಿಕೊಟ್ಟರು. ಅಷ್ಟು ಎತ್ತರದಿಂದ ಗುರಿ ಸಿಗುವುದಿಲ್ಲ, ಹಳಿ ಕಿತ್ತರೆ ಮತ್ತೆ ಜೋಡಿಸುತ್ತಾರೆ, ಬಾಂಬು ಬಿದ್ದರೆ ಕೈದಿಗಳೇ ಸಾಯುತ್ತಾರೆ.

ಭಾನುವಾರ ನಾನು ಇದನ್ನೇ ಜೋರಾಗಿ ಹೇಳಿಕೊಳ್ಳುತ್ತಿದ್ದಾಗ ಈವಾ ಆಂಟಿ ಕೇಕಿನ ತಟ್ಟೆ ಹಿಡಿದು ಒಳಗೆ ಬಂದರು. ಮಾತು ಕೇಳಿ ನಿಂತರು. ಮೆಲ್ಲಗೆ ಕೂತು, ಮೊದಲಿನಿಂದ ಹೇಳು ಎಂದರು. ಹೇಳಿದೆ. ಮುಗಿದ ಮೇಲೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. ತಾನು ಅದೇ ಶಿಬಿರದಲ್ಲಿದ್ದೆ ಎಂದರು.

ಅಪ್ಪ ಎದ್ದು ನಿಂತುಬಿಟ್ಟರು. ನಮಗೆ ತಿಳಿದಿರಲಿಲ್ಲ, ಇವಳು ಸ್ಪರ್ಧೆಯನ್ನೇ ಬಿಡುತ್ತಾಳೆ ಎಂದು ತೊದಲಿದರು. ಆಂಟಿ ಒಪ್ಪಲಿಲ್ಲ. ಶಿಬಿರದ ಹತ್ತಿರವೇ ಇದ್ದ ಕಾರ್ಖಾನೆಯ ಮೇಲೆ ವಿಮಾನಗಳು ಬಾಂಬು ಹಾಕಿದ ದಿನವನ್ನು ವಿವರಿಸಿದರು. ನೆಲ ನಡುಗಿತಂತೆ. ಕಾವಲಿನವರು ಓಡಿ ಅಡಗಿಕೊಂಡರಂತೆ. ಕೈದಿಗಳು ಮಾತ್ರ ಆಕಾಶ ನೋಡುತ್ತಾ, ಇಲ್ಲೂ ಬೀಳಲಿ ಎಂದು ಬೇಡಿಕೊಂಡರಂತೆ.

"ಬಿದ್ದಿದ್ರೆ ನೀವೂ ಸತ್ತುಹೋಗ್ತಿದ್ರಲ್ಲ ಆಂಟಿ?" ಎಂದು ಕೇಳಿದೆ. ಅಮ್ಮ ನನ್ನ ಭುಜ ಅದುಮಿದಳು.

ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನೊಳಗೆ ಕನ್ನಡದಲ್ಲೇ ಉಳಿದಿದೆ. "ನಮ್ಮಮ್ಮ, ತಂಗಿ ಅಲ್ಲಿಗೆ ಬಂದ ದಿನವೇ ಹೋದ್ರು. ಬಾಂಬು ಬಿದ್ದಿದ್ರೆ ನಾನೂ ಹೋಗ್ತಿದ್ದೆ. ಆದ್ರೆ ಆ ಕೊಲ್ಲೋ ಕೋಣೆಗಳು ಬಿದ್ದಿದ್ರೆ, ಆಮೇಲಿನ ರೈಲಲ್ಲಿ ಬಂದ ಇನ್ಯಾರದೋ ತಂಗಿ ಬದುಕ್ತಿದ್ಲೇನೋ."

ನನ್ನ ಲೆಕ್ಕವೇ ತಪ್ಪೇ ಎಂದು ಅಪ್ಪ ಸಣ್ಣ ದನಿಯಲ್ಲಿ ಕೇಳಿದರು.

"ಲೆಕ್ಕ ತಪ್ಪಲ್ಲ. ಆಗೋದಿಲ್ಲ ಅಂದವರೂ ಇದನ್ನೇ ಹೇಳಿದ್ರು. ನಮ್ಮನ್ನ ಮಾತ್ರ ಯಾರೂ ಕೇಳಲಿಲ್ಲ."

ಸ್ಪರ್ಧೆಯ ದಿನ ಅಪ್ಪನ ವಾದಗಳನ್ನೆಲ್ಲ ಒಪ್ಪಿಸಿದೆ. ನನ್ನ ತಂಡದಲ್ಲಿದ್ದ ಗೆಳತಿ ಕಣ್ಸನ್ನೆ ಮಾಡಿ ತಡೆಯುತ್ತಿದ್ದರೂ, ಆಂಟಿ ಹೇಳಿದ್ದನ್ನೂ ಹೇಳಿ ಕೂತೆ. ನಮ್ಮ ತಂಡ ಸೋತಿತು. ಗೆಳತಿ ಬಹಳ ದಿನ ಮಾತು ಬಿಟ್ಟಳು. ಸಂಜೆ ಬೇಲಿಯ ಹತ್ತಿರ ಆಂಟಿ ಗೆದ್ದೆಯಾ ಎಂದು ಕೇಳಲಿಲ್ಲ. ಮಕ್ಕಳು ಕೇಳಿಸಿಕೊಂಡರೇ ಎಂದಷ್ಟೇ ಕೇಳಿದರು. ಹೂಂ ಎಂದಾಗ ನನ್ನ ಕೈ ಹಿಡಿದುಕೊಂಡು ಸುಮಾರು ಹೊತ್ತು ಬಿಡಲಿಲ್ಲ.

ಈವಾ ಆಂಟಿ ಈಗಿಲ್ಲ. ಅವರ ಮನೆ ಇದ್ದ ಜಾಗದಲ್ಲಿ ಒಂದಕ್ಕೊಂದು ಅಂಟಿದ ಹೊಸ ಮನೆಗಳೆದ್ದಿವೆ. ನಾನು ಪಕ್ಕದ ಬಡಾವಣೆ ಹಿಲ್ಸ್‌ಬರೋಗೆ ಬಂದಿದ್ದೇನೆ. ಮಗಳಿಗೆ ಈ ವರ್ಷ ಶಾಲೆಯಲ್ಲಿ ಅದೇ ಯುದ್ಧದ ಪಾಠ. ಎರಡೂ ಕಡೆಯ ವಾದಗಳು ಅವಳ ಫೋನಿನಲ್ಲಿ ಕ್ಷಣದಲ್ಲಿ ಸಿಗುತ್ತವೆ. ನನಗೆ ಆ ಯುದ್ಧ ಪಕ್ಕದ ಮನೆಯಲ್ಲೇ ಇತ್ತು. ಅವಳಿಗೆ ಹೋಗಿ ತಟ್ಟಲು ಒಂದು ಬಾಗಿಲೂ ಉಳಿದಿಲ್ಲ.