ಮರುಳಪ್ಪನವರು ಹಾಸ್ಟೆಲ್ ನೋಡಿದ್ದು

1979ರಲ್ಲಿ ನಾನು ತರೀಕೆರೆಯ ಜೂನಿಯರ್ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕನಾಗಿದ್ದೆ. ಸರ್ಕಾರ ಸಂಬಳ ಕೊಡುತ್ತಿದ್ದುದು ಪಾಠ ಹೇಳಲಿಕ್ಕೆ. ಆದರೆ ಬೇಸಿಗೆ ಬಂತೆಂದರೆ ನನ್ನ ಕಸುಬೇ ಬೇರೆ. ಮೈಸೂರು, ಬೆಂಗಳೂರು, ದಾವಣಗೆರೆಯ ಕಾಲೇಜುಗಳಿಗೆ ಕಾರ್ಡು ಬರೆದು, ಕೈಲಾದರೆ ಖುದ್ದಾಗಿ ಹೋಗಿ, ಒಳ್ಳೆಯ ಅಂಕ ತೆಗೆದ ಮಕ್ಕಳಿಗೆ ಯಾರು ಏನು ಕೊಡುತ್ತಾರೆಂದು ವಿಚಾರಿಸುತ್ತಿದ್ದೆ. ಜಾತಕದ ಬದಲು ಮಾರ್ಕ್ಸ್ ಕಾರ್ಡು ಹಿಡಿದು ಅಲೆಯುವ ನನ್ನನ್ನು ಸ್ಟಾಫ್ ರೂಮಿನಲ್ಲಿ ‘ಮದುವೆ ದಲ್ಲಾಳಿ’ ಎನ್ನುತ್ತಿದ್ದರು. ಆ ಬಿರುದನ್ನು ನಾನು ವಿನಯಪೂರ್ವಕ ಸ್ವೀಕರಿಸಿದ್ದೆ.

ಆ ವರ್ಷದ ಕನ್ಯೆ ಗಿರಿಜಾ, ಅಜ್ಜಂಪುರದ ಹತ್ತಿರದ ಹಳ್ಳಿಯವಳು. ಪಿಯುಸಿ ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು. ಉಳಿದೆರಡು ಅಂಕಗಳಿಗಾಗಿ ನಾವಿಬ್ಬರೂ ಒಂದು ವಾರ ಶೋಕಾಚರಣೆ ಮಾಡಿದೆವು. ವರನೂ ಸಿಕ್ಕಿದ: ಮೈಸೂರಿನ ಒಂದು ಮಹಿಳಾ ಕಾಲೇಜು. ಅಲ್ಲಿನ ಮೆರಿಟ್ ಸ್ಕಾಲರ್‌ಷಿಪ್ ಬಡತನ ನೋಡಿ ಕೊಡುವ ನೆರವಲ್ಲ, ಅಂಕಕ್ಕೆ ಸಲ್ಲಿಸುವ ಮರ್ಯಾದೆ. ಬಿ.ಎಸ್ಸಿ. ಮುಗಿಯುವವರೆಗೆ ಫೀಸು, ಹಾಸ್ಟೆಲು, ಪುಸ್ತಕ ಎಲ್ಲವೂ ಕಾಲೇಜಿನದೇ. ಉಳಿದಿದ್ದದ್ದು ಒಂದೇ ಸ್ಥಾನ.

ವಿಷಯ ಹೇಳಲು ಅವರ ಮನೆಗೆ ಹೋದೆ. ಗಿರಿಜಾಳ ತಂದೆ ಮರುಳಪ್ಪನವರು ಹಿಗ್ಗುತ್ತಾರೆಂದುಕೊಂಡಿದ್ದರೆ ಅವರ ಮುಖ ಸಣ್ಣಗಾಯಿತು.

“ನಮ್ಮಿಂದ ಏನೂ ಬ್ಯಾಡ್ವಂತಾ?”

“ಏನೂ ಬೇಡ.”

“ದೊಡ್ಡೋಳ ಮದ್ವೇಲೂ ಹಿಂಗೇ ಅಂದಿದ್ರು ಮೇಷ್ಟ್ರೇ. ಒಂದು ಕಾಸೂ ಬ್ಯಾಡ, ಹುಡುಗೀನ ಕೊಡಿ ಸಾಕು ಅಂತ. ಆ ಖುಷೀಲಿ ನಾನು ಮನೆ ನೋಡಕ್ಕೂ ಹೋಗ್ಲಿಲ್ಲ.”

ಹೆಣ್ಣು ಕೊಡುವ ಮೊದಲು ಗಂಡಿನ ಮನೆಗೆ ಹೋಗಿ ಒಲೆ, ಕಣಜ, ಬಾವಿ ನೋಡಿ ಬರುವುದು ನಮ್ಮ ಕಡೆಯ ಪದ್ಧತಿ. ಅದನ್ನು ಬಿಟ್ಟದ್ದರ ಫಲ ಅಡುಗೆಮನೆಯ ಬಾಗಿಲಲ್ಲೇ ನಿಂತಿತ್ತು. ಮದುವೆಯಾಗಿ ವರ್ಷ ತುಂಬುವುದರೊಳಗೆ, ಹೊಟ್ಟೆ ತುಂಬ ಅನ್ನ ಕಾಣದೆ ಸೊರಗಿ ತವರಿಗೆ ಬಂದ ಹಿರಿಮಗಳು. ಅವಳೇ ಹೇಳಿದಳು: “ಅಪ್ಪಾ, ನೋಡಿ ಕಳ್ಸು. ನೋಡ್ದೆಲೇ ಬ್ಯಾಡ ಅನ್ಬ್ಯಾಡ.”

ಸಂದರ್ಶನದ ದಿನ ತಂದೆ, ಮಗಳು, ನಾನು ಮೂವರೂ ಮೈಸೂರು ತಲುಪಿದೆವು. ನಿಯಮ ಸ್ಪಷ್ಟವಿತ್ತು: ಆಯ್ಕೆ ಸಮಿತಿ ಹನ್ನೆರಡಕ್ಕೆ ಏಳುತ್ತದೆ. ಅಷ್ಟರೊಳಗೆ ಪೋಷಕರು ಎದುರಿಗೆ ಬಂದು ಸಹಿ ಹಾಕದಿದ್ದರೆ ಸ್ಥಾನ ಮುಂದಿನವರಿಗೆ. ಕಾಲೇಜಿನ ಗೇಟಿನಲ್ಲಿ ಮರುಳಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ನೀವು ನಡೀರಿ. ನಾನು ಮನೆ ನೋಡ್ಕಂಡು ಬತ್ತೀನಿ.” ಹೀಗೆಂದು ಕಾಲೇಜಿನ ಹಿಂದಿದ್ದ ಹಾಸ್ಟೆಲಿನ ಕಡೆಗೆ ನಡೆದೇಬಿಟ್ಟರು.

ಗಿರಿಜಾ ಚೆನ್ನಾಗಿಯೇ ಉತ್ತರಿಸಿದಳು. ಪ್ರಿನ್ಸಿಪಾಲರು ಕಟ್ಟುನಿಟ್ಟಿನ ಹೆಂಗಸು. “ತಂದೆ ಎಲ್ಲಿ?” ಎಂದರು. ನಾನು ಗೌರವಯುತವಾದ ಸುಳ್ಳೊಂದನ್ನು ಸಿದ್ಧಪಡಿಸುವಷ್ಟರಲ್ಲಿ ಹುಡುಗಿ ಬಾಯಿಬಿಟ್ಟಳು.

“ಹಾಸ್ಟೆಲ್ ನೋಡೋಕೆ ಹೋಗಿದ್ದಾರೆ ಮೇಡಂ. ನಮ್ಮಕ್ಕನ್ನ ಕೊಟ್ಟ ಮನೆ ನೋಡಿರ್ಲಿಲ್ಲ.”

ಪ್ರಿನ್ಸಿಪಾಲರು ಗೋಡೆ ಗಡಿಯಾರ ನೋಡಿದರು. ಹನ್ನೊಂದೂವರೆ. ಹೊರಗೆ ಬೆಂಚಿನ ಮೇಲೆ ಮುಂದಿನ ಹುಡುಗಿಯೂ ಅವಳ ಸೂಟುಧಾರಿ ಮಾವನೂ ಕುಳಿತಿದ್ದರು. ಮಾವ ನನ್ನನ್ನು ನೋಡಿ ಅನುಕಂಪದಿಂದ ನಕ್ಕರು.

ಸರ್ಕಾರಿ ನೌಕರನಿಗೆ ಶೋಭಿಸದ ವೇಗದಲ್ಲಿ ನಾನು ಓಡಿದೆ. ಹಾಸ್ಟೆಲಿನ ಊಟದ ಮನೆಯಲ್ಲಿ ಹುಡುಗಿಯರು ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಮರುಳಪ್ಪನವರು ಗೋಡೆಗೊರಗಿ ನಿಂತಿದ್ದರು.

“ಬನ್ನಿ ಮಾರಾಯ್ರೇ, ಸೀಟು ಹೋಗುತ್ತೆ!”

“ಸೀಟು ಹೋದ್ರೆ ಇನ್ನೊಂದು ಹುಡುಕ್ತೀರಿ. ಮಗಳು ಹೋದ್ರೆ? ಕೊನೇ ಪಂಗ್ತಿ ಕೂರ್ಲಿ, ಬತ್ತೀನಿ.”

ಅವರನ್ನು ಹೊತ್ತೊಯ್ಯುವ ಯೋಚನೆ ನನಗೆ ಬಂದದ್ದು ನಿಜ. ಆದರೆ ದೇಹಪ್ರಕೃತಿ ಒಪ್ಪಲಿಲ್ಲ. ಕೊನೆಯ ಪಂಕ್ತಿ ಕೂತಿತು. ಬಡಿಸುವವನು ಸಾರಿನ ಪಾತ್ರೆಗೆ ಒಂದು ತಂಬಿಗೆ ನೀರು ಸುರಿದು ತಿರುವಿದ. ಮರುಳಪ್ಪನವರು ಅದನ್ನು ನೋಡಿದರು. ಆಮೇಲೆ ನಡೆದರು, ಓಡಲಿಲ್ಲ.

ಒಳಗೆ ಕಾಲಿಟ್ಟಾಗ ಹನ್ನೆರಡಕ್ಕೆ ಇನ್ನು ಐದು ನಿಮಿಷ.

“ಏನು, ನಮ್ಮ ಮನೆ ಒಪ್ಪಿಗೆಯಾಯಿತೇ?” ಪ್ರಿನ್ಸಿಪಾಲರ ಪ್ರಶ್ನೆಯಲ್ಲಿ ತಮಾಷೆಯ ಸುಳಿವಿರಲಿಲ್ಲ.

“ಬಾವಿ ಚೆಂದಾಗೈತೆ. ಬಾಗ್ಲಿಗೆ ಚಿಲಕ ಗಟ್ಟಿಯಾಗೈತೆ. ಆದ್ರೆ ಕೊನೇ ಪಂಗ್ತಿ ಮಕ್ಳಿಗೆ ಸಾರು ಸಾಲಲ್ಲ ಕಣವ್ವ. ನೀರು ಬೆರ್ಸಿ ಬಡುಸ್ತವ್ರೆ. ಫ್ರೀಯಾಗಿ ಬಂದೋಳು ನನ್ ಮಗಳು, ಮುಂದ್ಗಡೆ ಕೂರಕ್ಕೆ ನಾಚ್ಕಂತಾಳೆ. ಕೊನೇಲೇ ಕೂರೋದು.”

ಸಮಿತಿಯ ಸದಸ್ಯರು ಫ್ಯಾನನ್ನು ಗಂಭೀರವಾಗಿ ಅಧ್ಯಯನ ಮಾಡತೊಡಗಿದರು. ನಾನು ಮನಸ್ಸಿನಲ್ಲೇ ತರೀಕೆರೆಗೆ ವಾಪಸು ಹೊರಟಿದ್ದೆ. ಪ್ರಿನ್ಸಿಪಾಲರು ಗಂಟೆ ಬಾರಿಸಿ ವಾರ್ಡನ್‌ರನ್ನು ಕರೆಸಿದರು.

“ಇವತ್ತಿನಿಂದ ನನ್ನ ಮಧ್ಯಾಹ್ನದ ಊಟ ಹಾಸ್ಟೆಲಿನಲ್ಲಿ. ಕೊನೆಯ ಪಂಕ್ತಿಯಲ್ಲಿ.”

ಮರುಳಪ್ಪನವರು ಒಂದು ಕ್ಷಣ ಅವರನ್ನೇ ನೋಡಿದರು. ಮೇಜಿನತ್ತ ಬಾಗಿದರು.

“ಎಲ್ಲಿ ಹಾಕ್ಬೇಕವ್ವ, ಸೈನು?”

ಗಿರಿಜಾ ಅಲ್ಲಿ ಮೂರು ವರ್ಷ ಓದಿದಳು. ಮೊದಲ ದಸರಾ ರಜಕ್ಕೆ ಬಂದಾಗ ಅವಳಕ್ಕ ಕೇಳಿದ ಪ್ರಶ್ನೆ ಒಂದೇ, “ಸಾರು ಗಟ್ಟಿಯಾಯ್ತೇನೇ?” ಗಟ್ಟಿಯಾಗಿತ್ತಂತೆ.

ಕಡೂರಿಗೆ ವರ್ಗವಾದ ಮೇಲೂ ನನ್ನ ದಲ್ಲಾಳಿ ವೃತ್ತಿ ನಿಲ್ಲಲಿಲ್ಲ. ಪದ್ಧತಿ ಮಾತ್ರ ಬದಲಾಯಿತು. ಯಾವ ಕಾಲೇಜು ಎಷ್ಟು ಉದಾರಿ ಎಂದು ತಿಳಿಯಬೇಕಾದರೆ ಆಫೀಸಿಗೆ ಹೋಗುವ ಮುಂಚೆ ಹಾಸ್ಟೆಲಿಗೆ ಹೋಗಿ, ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದೆ. ಒಂದೆರಡು ಊರುಗಳಲ್ಲಿ ನನ್ನನ್ನು ಊಟಕ್ಕೆ ಗತಿಯಿಲ್ಲದ ಮೇಷ್ಟ್ರೆಂದುಕೊಂಡರು. ಅಂದುಕೊಳ್ಳಲಿ. ನಾನು ಒಂದು ಹೊತ್ತು ಉಂಡು ಎದ್ದು ಬರುವವನು. ಮಗು ಅಲ್ಲಿ ಮೂರು ವರ್ಷ ಉಣ್ಣಬೇಕಲ್ಲ.