ಯಶೋಧರಾಳ ದನಿಯೂ ಪರ್ಷಿಯದ ಆನೆಗಳೂ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತುವವರಿಗೆಲ್ಲ ಯಶೋಧರಾಳ ದನಿ ಗೊತ್ತಿತ್ತು. ಮುಖ ಗೊತ್ತಿದ್ದವರು ಕಡಿಮೆ. ವಿಚಾರಣೆ ಕೌಂಟರಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಹುಬ್ಬಳ್ಳಿ ಕಡೆಯ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಮೈಸೂರು ಪ್ಯಾಸೆಂಜರ್ ಎಷ್ಟು ತಡ ಎಂದು ಹೇಳುವುದು ಅವಳ ಕೆಲಸ. ಅಪ್ಪ ಹೊನ್ನಯ್ಯ ಅದೇ ಲೈನಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ರೈಲ್ವೆಯವರು ಮಗಳಿಗೆ ಕೆಲಸ ಕೊಟ್ಟರು. ಮೊದಮೊದಲು ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡೇ ಮೈಕ್ ಒತ್ತುತ್ತಿದ್ದಳಂತೆ. ಆಮೇಲೆ ಆ ಕೆಲಸವೇ ಅವಳ ಹೆಮ್ಮೆಯಾಯಿತು. ಗಾಡಿ ತಡವಾದಾಗ ಎಲ್ಲರಿಗಿಂತ ನಿಧಾನವಾಗಿ, ಒಂದೊಂದು ಊರಿನ ಹೆಸರನ್ನೂ ಬಿಡಿಸಿ ಹೇಳುತ್ತಿದ್ದಳು. ಸಾಮಾನು ಹೊತ್ತ ಮುದುಕರು ಗಾಬರಿಯಲ್ಲಿ ಓಡಬಾರದು ಎಂಬುದು ಅವಳ ಲೆಕ್ಕ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಅವಳ ಗಂಟಲು ಕಟ್ಟಿತು. ಕಷಾಯ, ಬಿಸಿನೀರು, ಜೇನುತುಪ್ಪ ಯಾವುದಕ್ಕೂ ಬಿಡಲಿಲ್ಲ. ಧ್ವನಿತಂತುವಿನ ಮೇಲೆ ಸಣ್ಣ ಗಂಟು ಬೆಳೆದಿದೆ ಎಂದು ಹಾಸನದ ವೈದ್ಯರು ಹೇಳಿ, ಅದನ್ನು ತೆಗೆದರು. ಗಾಯ ಮಾಗುವವರೆಗೆ ಒಂದು ಮಾತೂ ಆಡಕೂಡದು ಎಂದರು. ಅವಳು ಚಾಚೂ ತಪ್ಪದೆ ಪಾಲಿಸಿದಳು. ಮತ್ತೆ ತೋರಿಸಲು ಹೋದಾಗ ವೈದ್ಯರು ಗಂಟಲಿಗೆ ಬೆಳಕು ಬಿಟ್ಟು ನೋಡಿ, "ಚೆನ್ನಾಗಿ ಮಾಗಿದೆ. ಇನ್ನು ಮಾತಾಡಿ," ಎಂದರು. ಯಶೋಧರಾ ಬಾಯಿ ತೆರೆದಳು. ಉಸಿರು ಮಾತ್ರ ಬಂತು.

ಬೆಂಗಳೂರಿನಲ್ಲಿ ತೋರಿಸಿದ್ದಾಯಿತು. ಅಲ್ಲಿನವರೂ ಗಂಟಲಲ್ಲಿ ಏನೂ ಕೆಟ್ಟಿಲ್ಲ ಎಂದೇ ಹೇಳಿದರು. ಮತ್ತೆ ಹಾಳಾದೀತೆಂಬ ಹೆದರಿಕೆ ಒಳಗೆ ಕೂತಿರುತ್ತದೆ, ಕೆಲವರಿಗೆ ಹೀಗಾಗುವುದುಂಟು, ಬಲವಂತ ಮಾಡಬೇಡಿ ಎಂದರು. ರೈಲ್ವೆಯವರು ಅವಳನ್ನು ಪಾರ್ಸೆಲ್ ಆಫೀಸಿಗೆ ಹಾಕಿದರು. ಅವಳು ಒಂದು ಸ್ಲೇಟು, ಬಳಪ ಇಟ್ಟುಕೊಂಡಳು.

"ಮಾತಾಡ್ಬೇಡ ಅಂದಾಗ ಸುಮ್ಕಿದ್ದೆ ಸರಿ. ಈಗ ಮಾತಾಡು ಅಂದ್ರೂ ಸುಮ್ಕಿದ್ದೀಯಲ್ಲೇ ಯಶೋದಿ," ಎಂದು ಅವ್ವ ಲಕ್ಕಮ್ಮ ಒಲೆ ಮುಂದೆ ಕಣ್ಣೊರೆಸಿಕೊಂಡರು. ಬಂದ ನೆಂಟರೆಲ್ಲ "ಒಂಚೂರು ಪ್ರಯತ್ನ ಮಾಡಮ್ಮ" ಎನ್ನುವವರೇ. ಅವರು ಹಾಗೆಂದಾಗಲೆಲ್ಲ ಅವಳು ಸ್ಲೇಟು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಯಾರೂ ಹಾಗನ್ನದ ಜಾಗ ಒಂದೇ ಇತ್ತು. ತಮ್ಮ ಸಮ್ಯಕ್ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಬೆಳಿಗ್ಗೆ ಟೈಪಿಂಗ್, ಅರ್ಜಿ, ಪರೀಕ್ಷೆಯ ಫಲಿತಾಂಶ ನೋಡುವವರ ಗದ್ದಲ. ಮಧ್ಯಾಹ್ನ ಯಾರೂ ಇರುತ್ತಿರಲಿಲ್ಲ. ಆಗ ಅವನ ಗೆಳೆಯ ಶರತ್ಚಂದ್ರ ಬರುತ್ತಿದ್ದ. ಅವನದು ಕೊಬ್ಬರಿ ವ್ಯಾಪಾರದ ಮನೆ. ಮಾರುಕಟ್ಟೆಯ ಕೆಲಸ ಮುಗಿದರೆ ಅಂಗಿಯಲ್ಲಿ ಕೊಬ್ಬರಿಯ ವಾಸನೆ ಹೊತ್ತುಕೊಂಡೇ ಮೆಟ್ಟಿಲು ಹತ್ತಿ ಬಂದು, ಸಮ್ಯಕ್‌ನ ಎದುರಿನ ಕಂಪ್ಯೂಟರಿಗೆ ಕೂರುತ್ತಿದ್ದ. ಎರಡು ಕಂಪ್ಯೂಟರಿಗೂ ವೈರು ಎಳೆದು ಇಬ್ಬರೂ ಯುದ್ಧಕ್ಕೆ ಇಳಿಯುತ್ತಿದ್ದರು.

ಹಳೆಯ ಕಾಲದ ರಾಜ್ಯ ಕಟ್ಟುವ ಆಟ ಅದು. ಮೊದಲು ಮರ ಕಡಿದು, ಹೊಲ ಉತ್ತು, ಕೋಟೆ ಕಟ್ಟಬೇಕು, ಆಮೇಲೆ ಸೈನ್ಯ. ಯಾವ ನಾಡನ್ನು ಆರಿಸಿಕೊಂಡರೆ ಆ ನಾಡಿಗೆ ಮಾತ್ರ ಸಿಗುವ ಒಂದು ವಿಶೇಷ ಪಡೆ ಇರುತ್ತಿತ್ತು. ಪರ್ಷಿಯನ್ನರಿಗೆ ಯುದ್ಧದ ಆನೆ. ಮಂಗೋಲರಿಗೆ ಕುದುರೆಯ ಮೇಲಿಂದಲೇ ಬಾಣ ಬಿಡುವವರು. ಇಂಗ್ಲಿಷರಿಗೆ ಉದ್ದಬಿಲ್ಲಿನವರು. ಜರ್ಮನರಿಗೆ ಮೈತುಂಬ ಕಬ್ಬಿಣ ತೊಟ್ಟು ನಿಧಾನವಾಗಿ ನಡೆಯುವ ಕಾಲಾಳು. ಇವುಗಳಲ್ಲಿ ಯಾವುದು ಮೇಲು ಎಂಬ ವಾದ ಆಟಕ್ಕಿಂತ ಹೆಚ್ಚು ಹೊತ್ತು ನಡೆಯುತ್ತಿತ್ತು.

"ಆನೆ ಮುಂದೆ ಯಾವುದೂ ನಿಲ್ಲಲ್ಲ ಕಣೋ. ಕೋಟೆ ಬಾಗಿಲಿಗೇ ಗುದ್ದುತ್ತೆ," ಎನ್ನುವನು ಶರತ್ಚಂದ್ರ.

"ಗುದ್ದೋಕೆ ಅದು ಬರ್ಬೇಕಲ್ಲ! ದಾರೀಲೇ ನನ್ನ ಕುದುರೆಯೋರು ಸುತ್ತಲೂ ಓಡಾಡ್ಕೊಂಡು ಬಾಣ ಹೊಡೀತಾರೆ. ಅದೂ ಬೇಡ, ಒಬ್ಬ ಸನ್ಯಾಸಿ ದೂರ ನಿಂತು ಮಂತ್ರ ಹೇಳಿದ್ರೆ ನಿನ್ನ ಆನೆ ನನ್ನದಾಗುತ್ತೆ," ಎನ್ನುವನು ಸಮ್ಯಕ್.

ಬೆಳಗಿನ ಪಾಳಿ ಮುಗಿಸಿ ಊಟದ ಕ್ಯಾರಿಯರ್ ಕೊಡಲು ಬರುತ್ತಿದ್ದ ಯಶೋಧರಾ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂರತೊಡಗಿದಳು. ಬರುಬರುತ್ತ ಆಟ ಅರ್ಥವಾಯಿತು. ಕಂಪ್ಯೂಟರೇ ಆಡಿಸುವ ಮೂರನೆಯ ಸೈನ್ಯವಾಗಿ ಬರುತ್ತಿದ್ದ, ಇಬ್ಬರೂ ಅಸಡ್ಡೆ ಮಾಡುತ್ತಿದ್ದ ಜರ್ಮನ್ ಕಾಲಾಳು ಅವಳಿಗೆ ಮೆಚ್ಚಾದ. ಅವನು ಓಡುವುದಿಲ್ಲ, ಹಾರುವುದಿಲ್ಲ. ಬಾಣ ಬೀಳುತ್ತಿದ್ದರೂ ನಡೆದುಕೊಂಡು ಬರುತ್ತಾನೆ, ಬಂದು ಸೇರಿದರೆ ಅವನನ್ನು ಕದಲಿಸುವವರಿಲ್ಲ. ಇದನ್ನು ಸ್ಲೇಟಿನ ಮೇಲೆ ಬರೆದು ತೋರಿಸುವಷ್ಟರಲ್ಲಿ ಅವರಿಬ್ಬರ ಮಾತು ಆನೆ ಬಿಟ್ಟು, ಕುದುರೆ ಬಿಟ್ಟು, ಇನ್ನೆಲ್ಲಿಗೋ ಹೋಗಿರುತ್ತಿತ್ತು. ಅಳಿಸಿ ಮತ್ತೆ ಬರೆಯುವಳು. ಅಷ್ಟರಲ್ಲಿ ಮಾತು ಮತ್ತೆ ತಿರುಗಿರುತ್ತಿತ್ತು. ವಾದ ಅಂದರೆ ರೈಲಿನ ಹಾಗೆ, ಬಳಪ ಹಿಡಿದವರಿಗಾಗಿ ಕಾಯುವುದಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ಶರತ್ಚಂದ್ರ ಕುರ್ಚಿಗೆ ಒರಗಿ ಹೇಳಿದ: "ಆ ಕಬ್ಬಿಣದ ಕಾಲಾಳು ದಂಡ. ಅವನು ನಡ್ಕೊಂಡು ಬರೋದ್ರಲ್ಲಿ ಯುದ್ಧ ಮುಗಿದು ಜನ ಊಟಕ್ಕೆ ಕೂತಿರ್ತಾರೆ. ಒಂದು ದಿನಾನಾದ್ರೂ ನನ್ನ ಕೋಟೆ ಮುಟ್ಟಿದಾನಾ?"

ಹಿಂದಿನ ದಿನವಷ್ಟೇ ಮುಟ್ಟಿದ್ದ. ಯಶೋಧರಾ ಕಣ್ಣಾರೆ ನೋಡಿದ್ದಳು. ಸ್ಲೇಟಿಗೆ ಕೈ ಹಾಕಿದಳು, ಬಳಪ ಮುರಿಯಿತು.

"ಸುಳ್ಳು!"

ಒಡಕು ದನಿ, ಆದರೆ ದನಿಯೇ. ಸಮ್ಯಕ್‌ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅವನ ಕಣ್ಣು ತುಂಬಿ ಬಂತು, ಏಳಲು ಹೊರಟ. ಶರತ್ಚಂದ್ರ ಮೇಜಿನ ಕೆಳಗೆ ಅವನ ಕಾಲು ತುಳಿದ. ಏನೂ ಆಗಿಲ್ಲವೆಂಬಂತೆ ಯಶೋಧರಾಳ ಕಡೆ ತಿರುಗಿದ.

"ಸುಳ್ಳು ಅಂದ್ಬಿಟ್ರೆ ಹೆಂಗಕ್ಕ? ಸಾಕ್ಷಿ ಬೇಕು."

"ನಿನ್ನೆ... ನಿನ್ನ ಬಾಗಿಲು... ಒಡೆದ್ನಲ್ಲ!"

"ಅದು ನಾನು ನೀರು ಕುಡಿಯೋಕೆ ಎದ್ದಿದ್ದಾಗ. ಲೆಕ್ಕಕ್ಕಿಲ್ಲ."

"ಕಳ್ಳ," ಎಂದಳು ಯಶೋಧರಾ. ಎಷ್ಟೋ ತಿಂಗಳ ಮೇಲೆ ಅವಳಿಗೆ ನಗು ಬಂತು, ನಗುವಿಗೂ ದನಿಯಿತ್ತು.

ಸಮ್ಯಕ್ ಸಂಜೆ ಅವಳನ್ನು ಕರೆದುಕೊಂಡು ಓಡಿ ಮನೆಗೆ ಬಂದ. ಲಕ್ಕಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಎಲ್ಲಿ, ಅವ್ವಾ ಅನ್ನು," ಎಂದರು. ಬರಲಿಲ್ಲ. ಮರುದಿನ ಆಫೀಸಿನಲ್ಲೂ ಬರಲಿಲ್ಲ. ವಾದದ ಕಾವಿನಲ್ಲಿ ಮಾತ್ರ ದನಿ ಬರುತ್ತಿತ್ತು. ಬೇರೆಲ್ಲಾದರೂ ಬಾಯಿ ತೆರೆದರೆ ಉಸಿರೇ. ಸಮ್ಯಕ್ ಸೋತು ಕೂತಾಗ ಶರತ್ಚಂದ್ರ, "ಹಂಗಾದ್ರೆ ವಾದ ನಿಲ್ಲಿಸೋದು ಬೇಡ ಬಿಡೋ," ಎಂದನಂತೆ.

ನಿಲ್ಲಿಸಲಿಲ್ಲ. ಆನೆಗೆ ಖರ್ಚು ಹೆಚ್ಚು ಎಂದು ಅವಳೆಂದರೆ, ಮದುವೆಗೂ ಹೆಚ್ಚೇ, ಜನ ಮಾಡೋದು ಬಿಡ್ತಾರಾ ಎನ್ನುವನು ಶರತ್ಚಂದ್ರ. ಸನ್ಯಾಸಿಗಳು ಅವನ ಆನೆಗಳನ್ನೆಲ್ಲ ತಮ್ಮ ಕಡೆ ಮಾಡಿಕೊಂಡು, ಅವೇ ಆನೆಗಳು ಅವನ ಕೋಟೆ ಕೆಡವಿದರೆ, "ನೋಡಿದ್ರಾ ಅಕ್ಕ, ಆನೆಗೆ ಎಷ್ಟು ಶಕ್ತಿ!" ಎನ್ನುವನು. ಯಶೋಧರಾ ರೇಗುವಳು. ಒಂದು ಪದ ಎರಡಾಯಿತು, ಎರಡು ಪದ ಪೂರ್ತಿ ವಾಕ್ಯವಾಯಿತು. ಜರ್ಮನ್ ಕಾಲಾಳಿನ ಮೇಲೆ ಸನ್ಯಾಸಿಯ ಮಂತ್ರ ಬೇಗ ನಾಟುವುದಿಲ್ಲ ಎಂಬುದನ್ನು ಒಂದೇ ಉಸಿರಿಗೆ ವಿವರಿಸಿದ ದಿನ ಅವಳಿಗೇ ಆಶ್ಚರ್ಯವಾಯಿತು.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಶರತ್ಚಂದ್ರ ಹೊಸ ವರಸೆ ತೆಗೆದ. "ನಮ್ಮ ಹೊಯ್ಸಳರು ಏನಂತಾರೆ ಕೇಳೋಣ, ನಡೀರಿ." ಲಕ್ಕಮ್ಮ ಬುತ್ತಿ ಕಟ್ಟಿಕೊಂಡು ತಾವೂ ಹೊರಟರು. ಜಾವಗಲ್ ಮೇಲಿನ ಬಸ್ಸಿನಲ್ಲಿ ನಾಲ್ವರೂ ಹಳೇಬೀಡಿಗೆ ಹೋದರು.

ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಸ್ವಲ್ಪ ಮೇಲೆ ಕುದುರೆ ಸವಾರರ ಸಾಲು.

"ಎಲ್ಲಕ್ಕೂ ಆಧಾರವೇ ಆನೆ. ಮುಗೀತು," ಎಂದ ಶರತ್ಚಂದ್ರ.

"ಭಾರ ಹೊರೋಕೆ ಕೆಳಗಿಟ್ಟವ್ರೆ. ಗೌರವ ಇದ್ದೋನು ಮೇಲಿದಾನೆ ನೋಡು, ಕುದುರೆಯೋನು," ಎಂದ ಸಮ್ಯಕ್.

ಯಶೋಧರಾ ಇಬ್ಬರನ್ನೂ ಗೋಡೆಯ ಉದ್ದಕ್ಕೂ ಎಳೆದುಕೊಂಡು ಹೋದಳು. ಕಥೆ ಕೆತ್ತಿದ ಸಾಲಿನಲ್ಲಿ ರಥದ ಮುಂದೆ ಬಿಲ್ಲು ಹಿಡಿದು ನಿಂತವರನ್ನು ತೋರಿಸಿ, "ಇವರಿಗೆ ಕುದುರೇನೂ ಇಲ್ಲ, ಆನೇನೂ ಇಲ್ಲ. ಕಾಲ ಮೇಲೆ ನಿಂತಿದಾರೆ. ಇವರಿಲ್ಲದೆ ಯಾವ ಯುದ್ಧ ನಡೆದಿದೆ? ಒಂದಾದ್ರೂ ಹೇಳಿ!" ಎಂದಳು. ದನಿ ಗೋಡೆಗೆ ತಾಕಿ ಅಂಗಳದವರೆಗೂ ಕೇಳಿಸಿತು.

ನೆರಳಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಹೆಸರು ಮಾದಮ್ಮ, ಬಾಣಾವರದ ಕಡೆಯವಳು.

"ತಾಯೀ, ನೀವು ಅರಸೀಕೆರೆ ಟೇಸನ್ನಾಗೆ ಗಾಡಿ ವಿಚಾರ ಹೇಳೋರಲ್ವಾ?"

ಯಶೋಧರಾ ತಬ್ಬಿಬ್ಬಾಗಿ ತಲೆಯಾಡಿಸಿದಳು.

"ದನಿ ಕೇಳ್ತಿದ್ದಂಗೇ ಗೊತ್ತಾತು. ನಂಗೆ ಓದಕ್ಕೆ ಬರಾಕಿಲ್ಲ ತಾಯಿ. ಮಗಳ ಹೆರಿಗೆ ಅಂತ ಶಿವಮೊಗ್ಗಕ್ಕೆ ಹೊಂಟಿದ್ದೆ, ಬ್ಯಾರೆ ಗಾಡಿ ಹತ್ತಿ ಕುಂತ್ಬಿಟ್ಟಿದ್ದೆ. ನೀವು ನಿಧಾನಕ್ಕೆ ಹೇಳಿದ್ರಲ್ಲ, ಅದು ಕೇಳಿ ಇಳ್ದು ಸರಿ ಗಾಡಿ ಹತ್ತಿದೆ. ನಾನು ಹೋಗೋದಕ್ಕೂ ಮಗು ಹುಟ್ಟೋದಕ್ಕೂ ಸರಿಹೋಯ್ತು. ನಿಮ್ಮ ಮಕ ನೋಡ್ಬೇಕು ಅಂತ ಅವತ್ತಿಂದ ಇತ್ತು. ಈಚೆಗೆ ನಿಮ್ ದನಿ ಇಲ್ವಲ್ಲ ಅಲ್ಲಿ?"

ಶಸ್ತ್ರಚಿಕಿತ್ಸೆಯಾದ ಮೇಲೆ ತನ್ನ ದನಿ ತನ್ನದಾಗಿ ಉಳಿದಿಲ್ಲ, ಬಂದರೂ ಯಾರದೋ ದನಿ ಬರುತ್ತದೆ ಎಂದು ಯಶೋಧರಾ ಒಳಗೊಳಗೇ ನಂಬಿದ್ದಳು. ಇದನ್ನು ಯಾರಿಗೂ ಬರೆದು ತೋರಿಸಿರಲಿಲ್ಲ. ಈಗ ಮುಖವೇ ನೋಡದವಳೊಬ್ಬಳು ಬಂದು ಗುರುತು ಹಿಡಿದು ನಿಂತಿದ್ದಳು.

"ಹುಷಾರಿರ್ಲಿಲ್ಲಮ್ಮ," ಎಂದಳು. "ಬರ್ತೀನಿ. ಮಗು ಚೆನ್ನಾಗಿದೆಯಾ?"

ಅದು ವಾದವಾಗಿರಲಿಲ್ಲ. ಬರಿಯ ಮಾತು. ಪಕ್ಕದಲ್ಲಿದ್ದ ಲಕ್ಕಮ್ಮ ಮಾದಮ್ಮನ ಎರಡೂ ಕೈ ಹಿಡಿದುಕೊಂಡರು. ಮಾದಮ್ಮನೂ ಅವರ ಜೊತೆ ಹುಲ್ಲಿನ ಮೇಲೆ ಕೂತಳು. "ಅವ್ವಾ, ಹಸಿವಾಗ್ತಿದೆ, ಬುತ್ತಿ ಬಿಚ್ಚು," ಎಂದಳು ಯಶೋಧರಾ. ಲಕ್ಕಮ್ಮ ಅತ್ತುಕೊಂಡೇ ಚಿತ್ರಾನ್ನ ಬಡಿಸಿದರು.

ಅಭ್ಯಾಸ ಮಾಡಿ, ವೈದ್ಯರಿಗೆ ತೋರಿಸಿ, ಮೇಲಿನವರ ಒಪ್ಪಿಗೆ ಪಡೆದು ಮೈಕಿನ ಮುಂದೆ ಮತ್ತೆ ಕೂರುವ ಹೊತ್ತಿಗೆ ಬೇಸಿಗೆ ಬಂದಿತ್ತು. ದನಿ ಮೊದಲಿಗಿಂತ ಸ್ವಲ್ಪ ದಪ್ಪವಾಗಿತ್ತು, ಅಷ್ಟೇ. ಆ ದಿನಗಳಲ್ಲೇ ಸಮ್ಯಕ್ ಮಾತಿಗೆ ಮಾತು ಬಂದು ಹೇಳಿಬಿಟ್ಟ: "ಶರತ್ ಆನೆ ಕೈಬಿಟ್ಟು ಯಾವ ಕಾಲವಾಯ್ತೋ ಅಕ್ಕ. ನೀನಿಲ್ಲದಾಗ ಅವನೂ ಮಂಗೋಲರನ್ನೇ ಆಡ್ತಾನೆ. ನೀನು ಬಂದ್ರೆ ಮಾತ್ರ ಪರ್ಷಿಯ."

ಅವಳು ಆ ಸಂಜೆಯೇ ಶರತ್ಚಂದ್ರನ ಕೊಬ್ಬರಿ ಮಂಡಿಗೆ ಹೋದಳು. ಅವನು ಚೀಲಗಳ ನಡುವೆ ನಿಂತಿದ್ದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದಳು. ಅವನನ್ನು ನೋಡಿದಾಗ, "ನಿನ್ನಿಂದ ತುಂಬಾ ಉಪಕಾರ ಆಯ್ತಪ್ಪ," ಎಂದಷ್ಟೇ ಆಯಿತು.

"ಉಪಕಾರ ಎಂಥದು ಅಕ್ಕ, ನಾನು ಸೋತೆ ಅಷ್ಟೇ," ಎಂದು ಅವನು ನಾಚಿ, ಒಂದು ದುಂಡು ಕೊಬ್ಬರಿ ಒಡೆದು ಅವಳ ಕೈಗಿಟ್ಟ.

ಮೂರ್ನಾಲ್ಕು ವರ್ಷದ ಮೇಲೆ ಶರತ್ಚಂದ್ರನ ಮದುವೆಯಾಯಿತು. ಅಕ್ಕಿಕಾಳು ಹಾಕಲು ವೇದಿಕೆ ಹತ್ತಿದ ಯಶೋಧರಾ ಮದುಮಗಳು ಅಕ್ಷತಾಳ ಗಲ್ಲ ಸವರಿ, "ನಿನ್ನ ಗಂಡ ನನಗೋಸ್ಕರ ಒಂದು ಮಳೆಗಾಲ ಪೂರ್ತಿ ತನಗೇ ನಂಬಿಕೆಯಿಲ್ಲದ ವಾದ ಮಾಡಿದಾನೆ ಕಣಮ್ಮ. ಒಳ್ಳೆಯವನು," ಎಂದಳು. ಅಕ್ಷತಾ ಅರ್ಥವಾಗದೆ ಗಂಡನ ಮುಖ ನೋಡಿದಳು. "ಆಮೇಲೆ ಹೇಳ್ತೀನಿ," ಎಂದ ಅವನು. ಹಿಂದೆ ಸಾಲು ನಿಂತಿತ್ತು. ಯಶೋಧರಾ ಕೆಳಗಿಳಿದು, ಅವ್ವ ಹಿಡಿದಿಟ್ಟಿದ್ದ ಜಾಗದಲ್ಲಿ ಊಟಕ್ಕೆ ಕೂತಳು.