ಭಾಗದ ಕೇಸು ಫೋನಿಗೆ ಬಂದಿದ್ದು

ಹೆಂಡತಿ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ತವರಿನ ಜಮೀನಲ್ಲಿ ಭಾಗ ಕೇಳಿ ಅವಳು ತಮ್ಮನ ಮೇಲೆ ಕೇಸು ಹಾಕಿದ್ದಳು. ಅದು ಹೈಕೋರ್ಟಿನವರೆಗೂ ಹೋಗಿ, ಅವಳೇ ಗೆದ್ದಿದ್ದಳು. ಮೊನ್ನೆ ಸಂತೇಲಿ ಪರಿಚಯದವನೊಬ್ಬ ಫೋನಲ್ಲಿ ಯಾವುದೋ ಕಂಪನಿಯ ವೆಬ್‌ಸೈಟು ತೋರಿಸಿದ. ಅವಳ ಹೆಸರು, ಅಕ್ಕ ತಮ್ಮನ ಜಗಳ, ಎಲ್ಲಾ ಅದರಲ್ಲಿತ್ತು.

ಸೋತ ಹೊಟ್ಟೆಕಿಚ್ಚಿಗೆ ಭಾಮೈದನೇ ಹಾಕಿದ್ದಾನೆ ಅಂದುಕೊಂಡೆ. ವರ್ಷದ ತಿಥಿಗೆ ಅವನನ್ನ ಕರೆಯಬಾರದು ಅಂತ ತೀರ್ಮಾನ ಮಾಡಿದೆ. ಆದರೂ ಸಂಕಟ. ತವರು ಅಂತ ಅವಳಿಗೆ ಉಳಿದಿದ್ದವನು ಅವನೊಬ್ಬನೇ.

ಕಡೂರಿಗೆ ಹೋಗಿ ನಮ್ಮ ವಕೀಲರನ್ನ ಕೇಳಿದೆ. "ಸ್ವಾಮಿ, ಇದನ್ನ ಕಂಪನಿಯವರಿಗೆ ಕೊಟ್ಟಿದ್ದು ಯಾರು?"

ಅವರು ನಕ್ಕರು. "ಯಾರೂ ಕೊಡೋದು ಬೇಡ ಕಣಯ್ಯ. ತೀರ್ಪನ್ನ ಕೋರ್ಟೇ ತನ್ನ ವೆಬ್‌ಸೈಟಿಗೆ ಹಾಕುತ್ತೆ. ಕಂಪನಿಯವರು ಅಲ್ಲಿಂದ ಎತ್ಕೊಂಡು ಜೋಡಿಸಿಡ್ತಾರೆ. ನಮ್ಮಂಥ ವಕೀಲರು ಅದರಲ್ಲಿ ಹುಡುಕ್ತೀವಿ."

ತಲೆ ಮೇಲಿನ ಹೊರೆ ಇಳಿಸಿದಂಗಾಯ್ತು. ಅಲ್ಲಿಂದಲೇ ಅಜ್ಜಂಪುರದ ಬಸ್ಸು ಹತ್ತಿದೆ. ಭಾಮೈದ ಜಗಲಿ ಮೇಲೆ ಕೂತಿದ್ದ. ವಕೀಲರು ಹೇಳಿದ್ದನ್ನ ಹೇಳಿ, ತಿಥಿಗೆ ಬಾ ಅಂದೆ. ಅವನು ಬಾಯಿ ಬಿಟ್ಕೊಂಡು ನೋಡಿದ.

"ಅಯ್ಯೋ ಭಾವ, ನಂಗೂ ಯಾರೋ ತೋರಿಸಿದ್ರು. ನಾನು ಸೋತಿದ್ದನ್ನ ಊರಿಗೆಲ್ಲಾ ಸಾರೋಕೆ ನೀನೇ ಹಾಕಿದ್ದೀಯ ಅಂತ ಬೈಕೊಂಡು ಕೂತಿದ್ದೆ. ಕರೆದ್ರೂ ಹೋಗಬಾರದು ಅಂತಿದ್ದೆ."

"ಲೇ, ಬಂದ ಫೋನು ಎತ್ತೋದು ಬಿಟ್ರೆ ನಂಗೆ ಇನ್ನೇನು ಬರುತ್ತೋ?"

"ನಂಗೆ ಅದೂ ನೆಟ್ಟಗೆ ಬರಲ್ಲ," ಅಂದ.

ಇಂಥಾ ಇಬ್ಬರು ಜಾಣರನ್ನ ಅವಳು ಇಷ್ಟು ವರ್ಷ ಹೆಂಗೆ ಸುಧಾರಿಸಿದಳೋ ಅಂತ ಬಸ್ಸಲ್ಲಿ ಬರ್ತಾ ಯೋಚನೆ ಮಾಡಿದೆ.